ಮೂಲೆ ಮಡಚಿದ ಪುಟಗಳು: '1984' ಓದಿದವರ ಮಾತು ಯಾಕೆ ಒಂದಾಗಲ್ಲ?

ಹಾಸನದಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಬಿಡುವಿದ್ದಾಗ ಓದೋಣ ಅಂತ ಕೌಂಟರ್ ಕೆಳಗೆ ನಾಲ್ಕಾರು ಪುಸ್ತಕ ಇಟ್ಟುಕೊಂಡಿರುತ್ತೇನೆ. ಅದರಲ್ಲಿ ಒಂದು ಜಾರ್ಜ್ ಆರ್ವೆಲ್‌ನ '1984' ಎಂಬ ಕಾದಂಬರಿ. ಇಂಗ್ಲಿಷ್ ಪ್ರತಿ, ಅಗ್ಗದ ಕಾಗದ, ತೆಳು ರಟ್ಟು. ಎರಡು ವರ್ಷದಲ್ಲಿ ಅದು ಐದು ಜನರ ಕೈ ದಾಟಿ ಬಂತು. ಕಳೆದ ತಿಂಗಳು ವಾಪಸ್ ಬಂದಾಗ ಸುಮ್ನೆ ಹಾಳೆ ತಿರುವಿ ನೋಡಿದೆ. ಐದು ಜನ ಐದು ಬೇರೆ ಬೇರೆ ಪುಟದ ಮೂಲೆ ಮಡಚಿದ್ದರು. ಒಂದು ಕಡೆ ಕಾಫಿ ಕಲೆ. ಒಂದು ಕಡೆ ಪೆನ್ಸಿಲ್‌ನಲ್ಲಿ "ಇಲ್ಲಿಗೆ ಸಾಕು". ಇನ್ನೊಂದು ಕಡೆ ಕೆಂಪು ಇಂಕಿನ ರುಜು.

ಓದಿದವರ ಮಾತೂ ಹಾಗೇ. ಒಬ್ಬರಿಗೆ ಮೂರು ರಾತ್ರಿ ನಿದ್ದೆ ಬರಲಿಲ್ಲ. ಒಬ್ಬರು ಅರ್ಧಕ್ಕೆ ಬಿಟ್ಟರು. ಒಬ್ಬರಿಗೆ ಕಥಾನಾಯಕನ ಮೇಲೇ ಸಿಟ್ಟು. ಇದು ಹಾಸನದ ಕಥೆ ಮಾತ್ರ ಅಲ್ಲ. 1949ರ ಜೂನ್ 8ರಂದು ಲಂಡನ್ನಿನಲ್ಲಿ ಪುಸ್ತಕ ಹೊರಬಂದಾಗಿನಿಂದ ಓದುಗರ ಜಗಳ ನಿಂತಿಲ್ಲ. ಸೋವಿಯತ್ ಒಕ್ಕೂಟ ಇದನ್ನು ಕಮ್ಯುನಿಸ್ಟ್ ವಿರೋಧಿ ಎಂದು 1988ರ ತನಕ ಒಳಗೆ ಬಿಡಲಿಲ್ಲ. ಅತ್ತ ಅಮೆರಿಕದ ಫ್ಲೋರಿಡಾದ ಒಂದು ಕೌಂಟಿಯಲ್ಲಿ 1981ರಲ್ಲಿ ಇದೇ ಪುಸ್ತಕ ಕಮ್ಯುನಿಸ್ಟ್ ಪರ ಎಂದು ತಕರಾರು ಎತ್ತಿದರು. ಎರಡೂ ಕಡೆಯವರು ಓದಿದ್ದು ಒಂದೇ ಪುಸ್ತಕ ಅಲ್ವಾ?

ನನ್ನ ಲೆಕ್ಕ ಇಷ್ಟೇ. ಇದು ಜನರ ಮೇಲೆ ಕಣ್ಣಿಡುವ ಕ್ಯಾಮೆರಾ ಕುರಿತ ಪುಸ್ತಕ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕ್ಯಾಮೆರಾ ಇರುವುದು ಮೇಲಿನ ಪದರದಲ್ಲಿ. ಅದನ್ನೇ ಹುಡುಕಿಕೊಂಡು ಹೋದವರಿಗೆ ನಿರಾಸೆ ಆಗುತ್ತದೆ. ಕಡತ, ರಿಜಿಸ್ಟರು, ಸಹಿ, ಮೊಹರಿನ ಜೊತೆ ಬಾಳಿದವರು ಮಾತ್ರ ಬೆಚ್ಚಿಬೀಳುತ್ತಾರೆ.

ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೊನೆಯನ್ನೂ ಹೇಳುತ್ತೇನೆ, ಬೇಡದವರು ಈ ಪ್ಯಾರಾ ಹಾರಿಸಿ. ಓಷಿಯಾನಿಯಾ ಎಂಬ ದೇಶ. ಒಂದೇ ಪಕ್ಷದ ಆಳ್ವಿಕೆ. ಅದರ ಮುಖ ಬಿಗ್ ಬ್ರದರ್, ದಪ್ಪ ಮೀಸೆಯವನು. ಗೋಡೆಗೋಡೆಯಲ್ಲೂ ಅವನ ಚಿತ್ರ. ವಿನ್‌ಸ್ಟನ್ ಸ್ಮಿತ್‌ಗೆ 39 ವರ್ಷ, ಕಾಲಿನಲ್ಲಿ ವಾಸಿಯಾಗದ ಹುಣ್ಣು, ಸತ್ಯ ಸಚಿವಾಲಯದಲ್ಲಿ ಗುಮಾಸ್ತಿಕೆ. ಗುಟ್ಟಾಗಿ ಡೈರಿ ಬರೆಯುತ್ತಾನೆ. ಜೂಲಿಯಾ ಎಂಬುವಳನ್ನು ಪ್ರೀತಿಸುತ್ತಾನೆ. ಓಬ್ರಿಯನ್ ಎಂಬ ದೊಡ್ಡ ಅಧಿಕಾರಿ ತನ್ನ ಹಾಗೇ ಬಂಡಾಯದವನು ಅಂತ ನಂಬುತ್ತಾನೆ. ಸಿಕ್ಕಿಬೀಳುತ್ತಾನೆ. ಹಿಂಸೆ ಕೊಡುವವನು ಅದೇ ಓಬ್ರಿಯನ್. 101ನೇ ಕೋಣೆಯಲ್ಲಿ ಹಸಿದ ಇಲಿಗಳ ಪಂಜರವನ್ನು ಮುಖಕ್ಕೆ ಹಿಡಿದಾಗ "ನನಗೆ ಬೇಡ, ಜೂಲಿಯಾಗೆ ಮಾಡಿ" ಅಂತ ಕೂಗುತ್ತಾನೆ. ಬಿಟ್ಟುಬಿಡುತ್ತಾರೆ. ಕೊನೆಯಲ್ಲಿ ಅವನಿಗೆ ಬಿಗ್ ಬ್ರದರ್ ಮೇಲೆ ನಿಜವಾಗಿ ಪ್ರೀತಿ ಬಂದಿರುತ್ತದೆ.

ಮೊದಲ ಸಾಲಿನಲ್ಲೇ ಗಡಿಯಾರಗಳು 13 ಗಂಟೆ ಬಾರಿಸುತ್ತವೆ. ಇಂಗ್ಲಿಷಿನವರಿಗೆ ಅದು ಅಪಶಕುನ. ಹಾಸನದ ಸ್ಟೇಷನ್ನಿನಲ್ಲಿ 13:20ರ ಗಾಡಿ ಕಾದು ಗೊತ್ತಿರುವವರಿಗೆ ಏನೂ ಅನ್ನಿಸುವುದಿಲ್ಲ. ಪುಸ್ತಕ ನಮ್ಮ ಕೈಗೆ ಬಂದಾಗ ಇಂಥ ಎಷ್ಟೋ ಬೆದರಿಕೆ ಸುಮ್ಮನೆ ಉದುರಿಹೋಗುತ್ತದೆ. 'ಬಿಗ್ ಬ್ರದರ್' ಎಂಬ ಹೆಸರನ್ನೇ ನೋಡಿ. ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಬರುವ ಡಿಗ್ರಿ ಹುಡುಗಿಯೊಬ್ಬಳಿಗೆ ನಾನು "ದೊಡ್ಡಣ್ಣ ಅಂದ್ಕೋ" ಎಂದೆ. ಅವಳು ಕಿಸಕ್ಕನೆ ನಕ್ಕಳು. "ಅಣ್ಣಾ, ದೊಡ್ಡಣ್ಣ ಅಂದ್ರೆ ಕಾಮಿಡಿ ಅಲ್ವಾ?" ನಮ್ಮ ಸಿನಿಮಾದ ದೊಡ್ಡಣ್ಣನವರ ಮುಖ ಕಣ್ಣ ಮುಂದೆ ಬಂದ ಮೇಲೆ ಸರ್ವಾಧಿಕಾರಿ ಎಲ್ಲಿ ಉಳಿಯುತ್ತಾನೆ! ಅಣ್ಣ ಎನ್ನುವುದು ನಮ್ಮಲ್ಲಿ ಅಂಗಡಿಯವನಿಗೂ ಹೇಳುವ ಮಾತು. ಅವಳಿಗೆ ಗೊತ್ತಿದ್ದದ್ದು ಬಿಗ್ ಬಾಸ್. ಆ ಆಟದ ಮೂಲ 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ 'ಬಿಗ್ ಬ್ರದರ್' ಎಂಬ ಟಿವಿ ಕಾರ್ಯಕ್ರಮ, ಅದರ ಹೆಸರಿನ ಮೂಲ ಈ ಕಾದಂಬರಿ ಎಂದಾಗ ನಂಬಲೇ ಇಲ್ಲ. ಹೆದರಿಸಲು ಇಟ್ಟ ಹೆಸರು 50 ವರ್ಷದಲ್ಲಿ ಮನರಂಜನೆ ಆಯಿತು. ಒಳಗೆ ಹೋಗಿ ಕೂರಲು ಜನ ಈಗ ಸಾಲು ನಿಲ್ಲುತ್ತಾರೆ.

ಈಗ ಆ ಮೇಲಿನ ಪದರ. ಕಾದಂಬರಿಯಲ್ಲಿ ಪಕ್ಷದವರ ಮನೆಮನೆಯಲ್ಲೂ ಟೆಲಿಸ್ಕ್ರೀನ್ ಇದೆ. ಅದು ತೋರಿಸುತ್ತದೆ, ನೋಡುತ್ತದೆ, ಕೇಳಿಸಿಕೊಳ್ಳುತ್ತದೆ. ಆರಿಸುವ ಹಾಗಿಲ್ಲ. ಆದರೆ ಈ ಗಳಿಗೆಯಲ್ಲಿ ಆ ಕಡೆ ಯಾರಾದರೂ ಇದ್ದಾರಾ? ಯಾರಿಗೂ ಗೊತ್ತಾಗುವುದಿಲ್ಲ. ಯಂತ್ರದ ಮರ್ಮವೇ ಇದು. ನನ್ನ ಅಂಗಡಿಯಲ್ಲೂ ಒಂದು ಕ್ಯಾಮೆರಾ ಇದೆ. ಮಳೆಗಾಲದಲ್ಲಿ ಸಿಡಿಲು ಹೊಡೆದು ಕೆಟ್ಟು ಎಂಟು ತಿಂಗಳಾಯಿತು. ತೆಗೆದಿಲ್ಲ. ಬಂದವರು ಅದನ್ನು ಕಂಡ ತಕ್ಷಣ ಸೆರಗು ಸರಿಮಾಡಿಕೊಳ್ಳುತ್ತಾರೆ, ಕೌಂಟರ್ ಮೇಲಿನ ಪೆನ್ನು ವಾಪಸ್ ಇಡುತ್ತಾರೆ. ಸತ್ತ ಕ್ಯಾಮೆರಾ ದಿನಾ ಕೆಲಸ ಮಾಡುತ್ತಿದೆ. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂಥಮ್ ಹಾಕಿದ ಜೈಲಿನ ನಕ್ಷೆಯಲ್ಲೂ ಇದೇ ಉಪಾಯ. ನಡುವೆ ಒಂದು ಕಾವಲು ಗೋಪುರ, ಸುತ್ತ ಕೋಣೆಗಳು. ಗೋಪುರದಲ್ಲಿ ಕಾವಲುಗಾರ ಇದ್ದಾನೋ ಇಲ್ಲವೋ ಕೈದಿಗೆ ಕಾಣಿಸಬಾರದು. ಆಮೇಲೆ ಅವನಿಗೆ ಅವನೇ ಕಾವಲು.

ನನ್ನ ಭಾವಮೈದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. 'ಇಲ್ಲಿಗೆ ಸಾಕು' ಬರೆದವನು ಅವನೇ. ಅವನ ತಕರಾರು ಲೆಕ್ಕದ್ದು. "ಅಷ್ಟು ಜನರನ್ನು ನೋಡೋಕೆ ಎಷ್ಟು ಜನ ಬೇಕು ಬಾವ? ಆ ನೋಡೋರನ್ನು ನೋಡೋರು ಯಾರು?" ಸರಿಯಾದ ಪ್ರಶ್ನೆ. ಅಮೆರಿಕದ ಲೇಖಕ ಐಸಾಕ್ ಅಸಿಮೋವ್ 1980ರಲ್ಲಿ ಈ ಪುಸ್ತಕದ ಬಗ್ಗೆ ಬರೆದಾಗ ಇದನ್ನೇ ಎತ್ತಿದ್ದ. ಅವನಿಗೆ ಪುಸ್ತಕ ಒಟ್ಟಿನಲ್ಲಿ ಹಿಡಿಸಿರಲಿಲ್ಲ. ಮುಂದಿನ ಕಾಲದ ಯಂತ್ರಗಳನ್ನು ಆರ್ವೆಲ್ ಊಹಿಸಲೇ ಇಲ್ಲ ಎನ್ನುವುದು ಅವನ ದೂರು. ಯಂತ್ರದ ಮಟ್ಟಿಗೆ ದೂರು ನಿಜ. ಇವತ್ತು ನೋಡಲು ಮನುಷ್ಯ ಬೇಕಿಲ್ಲ. ನಾನು ಯಾವ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತೆ ಅಂತ ಜೇಬಿನಲ್ಲಿರುವ ಫೋನೇ ಬರೆದುಕೊಳ್ಳುತ್ತದೆ. ಅದನ್ನು ಯಾರೂ ಗೋಡೆಗೆ ಹೊಡೆದು ಹೋಗಲಿಲ್ಲ. ಕಂತಿನಲ್ಲಿ ನಾನೇ ತಂದೆ.

ಇಲ್ಲಿ ಇನ್ನೊಬ್ಬ ಲೇಖಕನ ನೆನಪಾಗುತ್ತದೆ. ಆಲ್ಡಸ್ ಹಕ್ಸ್‌ಲಿ. ಆರ್ವೆಲ್ ಈಟನ್ ಶಾಲೆಯ ಹುಡುಗನಾಗಿದ್ದಾಗ ಸ್ವಲ್ಪ ಕಾಲ ಅವನಿಗೆ ಫ್ರೆಂಚ್ ಪಾಠ ಮಾಡಿದ್ದ ಮೇಷ್ಟ್ರು. 1949ರ ಅಕ್ಟೋಬರಿನಲ್ಲಿ ಹಳೆಯ ಶಿಷ್ಯನಿಗೆ ಕಾಗದ ಬರೆದ. ಪುಸ್ತಕವನ್ನು ಮೆಚ್ಚಿಕೊಂಡ. ಜೊತೆಗೇ, ಮುಂದಿನ ದೊರೆಗಳು ಬೂಟುಗಾಲಿನಲ್ಲಿ ತುಳಿಯುವ ಗೋಜಿಗೆ ಹೋಗುವುದಿಲ್ಲ, ಜನ ತಮ್ಮ ಗುಲಾಮಗಿರಿಯನ್ನು ತಾವೇ ಇಷ್ಟಪಡುವ ಹಾಗೆ ಮಾಡುತ್ತಾರೆ ಎಂಬ ಅರ್ಥದ ಮಾತನ್ನೂ ಸೇರಿಸಿದ. ಭಾವಮೈದನದು ಹಕ್ಸ್‌ಲಿ ಪಕ್ಷ. ಅವನ ತಪ್ಪು ಅಂತ ಹೇಳಲಾರೆ.

ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿರುವವರದ್ದು ಬೇರೆಯೇ ರಾಗ. ರೈಟರ್ ಅಂದರೆ ಪುಸ್ತಕ ಬರೆಯುವವರಲ್ಲ, ಆಳುಗಳ ಹಾಜರಿ, ಕೂಲಿಯ ಲೆಕ್ಕ ಬರೆಯುವವರು. ಕಾಫಿ ಕಲೆ ಅವರದ್ದು. ವಿನ್‌ಸ್ಟನ್ ಮತ್ತು ಜೂಲಿಯಾ ಗುಟ್ಟಾಗಿ ಸೇರುವ ಕೋಣೆಯ ಗೋಡೆಯಿಂದ ಚಿತ್ರಪಟ ಕಳಚಿಬಿದ್ದು, ಹಿಂದಿದ್ದ ಟೆಲಿಸ್ಕ್ರೀನ್ ಮಾತಾಡುವ ಪುಟದಲ್ಲಿ ಲೋಟ ಅಲುಗಿದೆ. "ಎದೆ ಧಸಕ್ ಅಂತು ಸಾರ್" ಎಂದರು. ಆದರೆ ಒಟ್ಟಾರೆ ಪುಸ್ತಕವನ್ನು ಅವರು ಒಪ್ಪುವುದಿಲ್ಲ. ಅವರ ಕಡೆ ಕಾಡಾನೆ ಕಾಟ. ಅರಣ್ಯ ಇಲಾಖೆ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದೆ. ಹಿಂಡು ಎಲ್ಲಿದೆ ಅಂತ ಬೆಳಿಗ್ಗೆ ಮೊಬೈಲಿಗೆ ಮೆಸೇಜು ಬರುತ್ತದೆ. ಅದನ್ನು ನೋಡಿಕೊಂಡೇ ಆಳುಗಳನ್ನು ಯಾವ ಪಟ್ಟೆಗೆ ಕಳಿಸಬೇಕು ಅಂತ ತೀರ್ಮಾನ. "ಯಾರೋ ನೋಡ್ತಾ ಇರೋದ್ರಿಂದ ತಾನೆ ನಮ್ಮೋರು ಸಂಜೆ ಮನೆಗೆ ಬರೋದು?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹೊಳೆಯಿತು. ಅಲ್ಲಿ ಕಾಲರ್ ಇರುವುದು ಆನೆಯ ಕೊರಳಿಗೆ. ಆನೆ ಈ ಕಾದಂಬರಿ ಓದಿದ್ದರೆ ಏನನ್ನುತ್ತಿತ್ತೋ.

ಕಾವಲು ಬೇರೆ, ಕಣ್ಗಾವಲು ಬೇರೆ ಅಂತ ಒಂದೇ ಗೆರೆಯಲ್ಲಿ ಬೇರ್ಪಡಿಸಲು ಆಗುವುದಿಲ್ಲ. ನಾವು ಸಣ್ಣವರಿದ್ದಾಗ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ದೊಡ್ಡ ಬಟ್ಟಲಿನಂಥ ಆಂಟೆನಾಗಳು ಇಡೀ ಹಾಸನವನ್ನು ನೋಡುತ್ತವೆ ಅಂತ ನಂಬಿದ್ದೆವು. ಅವು ನೋಡುವುದು ಮೇಲಕ್ಕೆ. 1982ರಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಆರೈಕೆ ಅಲ್ಲಿಂದ ನಡೆಯುತ್ತದೆ. ನೋಡುವುದರಲ್ಲಿ ತಪ್ಪಿಲ್ಲ. ನೋಡಿದ್ದನ್ನು ಯಾರು ಬರೆದಿಡುತ್ತಾರೆ, ಬರೆದದ್ದನ್ನು ತಿದ್ದುವ ಹಕ್ಕು ಯಾರದು, ಅಲ್ಲಿ ಗಂಟು.

ಕೆಂಪು ಇಂಕಿನ ರುಜು ಹಾಕಿದವರು ಅಲ್ಲಿಗೇ ಬಂದು ನಿಂತಿದ್ದರು. ಅವರು ನಿವೃತ್ತ ಗ್ರಾಮ ಲೆಕ್ಕಿಗರು. ಪರಂಪರೆಯ ಶಾನುಭೋಗಿಕೆ ಹೋಗಿ ಎಷ್ಟೋ ವರ್ಷ ಆಗಿದ್ದರೂ ಬೀದಿಯಲ್ಲಿ ಎಲ್ಲರೂ ಅವರನ್ನು ಶಾನುಭೋಗರು ಎಂದೇ ಕರೆಯುತ್ತಾರೆ. ಟೆಲಿಸ್ಕ್ರೀನ್ ಬಗ್ಗೆ ಒಂದು ಮಾತೂ ಆಡಲಿಲ್ಲ. "ಈ ವಿನ್‌ಸ್ಟನ್ ಕೂತ್ಕೊಂಡು ಮಾಡೋ ಕೆಲಸ ಇದೆಯಲ್ಲಪ್ಪ, ಅದು ಓದಿ ಕೈ ನಡುಗ್ತು" ಎಂದರು.

ವಿನ್‌ಸ್ಟನ್ ಮಾಡುವ ಕೆಲಸ ಇದು. ಮೇಜಿನ ಮೇಲೆ ಚೀಟಿ ಬರುತ್ತದೆ: ಇಂಥ ತಾರೀಖಿನ ಪತ್ರಿಕೆಯಲ್ಲಿ ಇಂಥ ಸುದ್ದಿ ತಿದ್ದು. ಉದಾಹರಣೆಗೆ, ಚಾಕೊಲೇಟ್ ರೇಷನ್ ಈ ವರ್ಷ ಇಳಿಸುವುದಿಲ್ಲ ಅಂತ ಸಚಿವಾಲಯ ಮಾತು ಕೊಟ್ಟಿತ್ತು. ಈಗ ವಾರಕ್ಕೆ 30 ಗ್ರಾಂನಿಂದ 20ಕ್ಕೆ ಇಳಿಸಬೇಕಾಗಿದೆ. ಆದ್ದರಿಂದ ಹಳೆಯ ಪತ್ರಿಕೆಯಲ್ಲೇ 'ಏಪ್ರಿಲ್‌ನಲ್ಲಿ ಇಳಿಸಬೇಕಾಗಬಹುದು' ಅಂತ ಮಾತನ್ನೇ ಬದಲಿಸುತ್ತಾನೆ. ಹೊಸದಾಗಿ ಅಚ್ಚಾದ ಹಳೇ ಪತ್ರಿಕೆ ಕಡತ ಸೇರುತ್ತದೆ. ನಿಜವಾದ ಹಳೆಯದು ಗೋಡೆಯ ಸಣ್ಣ ಕಿಂಡಿಯ ಮೂಲಕ ಕುಲುಮೆಗೆ. ಇಳಿಸಿದ ಮಾರನೆಯ ದಿನವೇ ಇನ್ನೊಂದು ಸುದ್ದಿ: ರೇಷನ್ನನ್ನು 20 ಗ್ರಾಂಗೆ 'ಏರಿಸಿದ್ದಕ್ಕೆ' ಜನ ಬಿಗ್ ಬ್ರದರ್‌ಗೆ ಕೃತಜ್ಞತೆ ಹೇಳಿ ಮೆರವಣಿಗೆ ಮಾಡಿದರಂತೆ. ಸುತ್ತಲಿನವರು ತಲೆಯಾಡಿಸುತ್ತಾರೆ. ನಿನ್ನೆ ತಾನೆ ಇಳಿದದ್ದು!

ಶಾನುಭೋಗರು ನನಗೆ ರಿಜಿಸ್ಟರು ತಿದ್ದುವ ರೀತಿ ವಿವರಿಸಿದರು. ಇಡೀ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಾನು ಕೇಳಿಲ್ಲ. "ಅಳಿಸೋ ಹಾಗಿಲ್ಲ ಕಣಪ್ಪ. ತಪ್ಪಾಗಿದ್ರೆ ಒಂದೇ ಗೆರೆ ಎಳೀಬೇಕು. ಕೆಳಗಿರೋ ಹಳೇದು ಓದೋಕೆ ಬರ್ಬೇಕು. ಸರಿಯಾದ್ದು ಮೇಲೆ ಬರೀಬೇಕು. ಪಕ್ಕದಲ್ಲಿ ರುಜು, ತಾರೀಖು. ವೈಟ್ನರ್ ಹಚ್ಚಿದ್ರೆ ಸಾಹೇಬ್ರು ರಿಜಿಸ್ಟರ್ ಮುಖಕ್ಕೆ ಎಸೀತಿದ್ರು." ಹಳೆಯ ತಪ್ಪು ಕಾಣುತ್ತಿರಬೇಕು. ಯಾರು ತಿದ್ದಿದರು ಅಂತ ಗೊತ್ತಿರಬೇಕು. ಯಾವಾಗ ಅಂತಲೂ. ಸತ್ಯ ಸಚಿವಾಲಯ ಈ ಮೂರನ್ನೂ ತೆಗೆದುಹಾಕಿದೆ. ಅಲ್ಲಿ ತಿದ್ದುಪಡಿಯೇ ನಡೆದಿಲ್ಲ, ಮೊದಲಿನಿಂದ ಹಾಗೇ ಇತ್ತು.

2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಹತ್ತಿದವು. ಕೈಬರಹದ ಪಹಣಿ ನಿಂತುಹೋಯಿತು. ಇದರಿಂದ ಉಪಕಾರವೂ ಆಗಿದೆ. ಒಂದು ಪಹಣಿಗೆ ವಾರಗಟ್ಟಲೆ ಅಲೆಯುವುದು ತಪ್ಪಿತು. ಶಾನುಭೋಗರೂ ಅದನ್ನು ಒಪ್ಪುತ್ತಾರೆ. ಆದರೆ ನನ್ನ ಅಂಗಡಿಗೆ ಬರುವ ಅರ್ಜಿಗಳಲ್ಲಿ ಅರ್ಧಕ್ಕರ್ಧ ಹೆಸರು ತಿದ್ದುಪಡಿಯವೇ. ತಂದೆಯ ಹೆಸರಿನಲ್ಲಿ ಒಂದು ಅಕ್ಷರ ಹೋಗಿರುತ್ತದೆ, ವಿಸ್ತೀರ್ಣದಲ್ಲಿ ಒಂದು ಗುಂಟೆ ಹೋಗಿರುತ್ತದೆ. ಹೋದದ್ದು ಯಾವಾಗ, ಯಾರ ಬೆರಳು ತಾಗಿ ಅಂತ ರೈತನಿಗೆ ಪರದೆಯ ಮೇಲೆ ಕಾಣುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಕಚೇರಿಯಲ್ಲಿ ನನಗೇ ಹೀಗಾಯಿತು. ದಾಖಲೆಯ ಪ್ರಕಾರ ನನ್ನ ಅಮ್ಮನ ಹೆಸರು ನಮ್ಮ ಅತ್ತೆಯ ಹೆಸರಾಗಿತ್ತು. "ಮೊದಲಿಂದ ಹೀಗೇ ಇದೆ" ಎಂದರು. ಮೊದಲಿಂದ ಹೀಗೆ ಇರಲಿಲ್ಲ ಅಂತ ತೋರಿಸಲು ಅಮ್ಮನ ಹಳೇ ಶಾಲೆಯ ವರ್ಗಾವಣೆ ಪತ್ರ ಹುಡುಕಿಕೊಂಡು ಅರಕಲಗೂಡಿಗೆ ಹೋದೆ. ಇದು ದಬ್ಬಾಳಿಕೆ ಅಲ್ಲ, ಬರೀ ಟೈಪಿಂಗ್ ತಪ್ಪು. ಆದರೆ ಆ ಒಂದು ವಾಕ್ಯ ಕಿವಿಗೆ ಬಿದ್ದಾಗ ವಿನ್‌ಸ್ಟನ್‌ನ ಹೊಟ್ಟೆ ಹೇಗೆ ತೊಳಸಿರಬೇಕು ಅಂತ ಅರ್ಥವಾಯಿತು.

ಕಾಗದದ ಮೇಲೆ ಸತ್ತವರ ಕಥೆಯೂ ನಮ್ಮ ದೇಶದಲ್ಲಿ ಇದೆ. ಉತ್ತರ ಪ್ರದೇಶದ ಆಜಂಗಢದ ಲಾಲ್ ಬಿಹಾರಿಯವರು 1970ರ ದಶಕದಲ್ಲಿ ಕಂದಾಯ ದಾಖಲೆಯಲ್ಲಿ ಸತ್ತರು. ಜಮೀನು ನೆಂಟರ ಪಾಲಾಯಿತು. ತಾವು ಬದುಕಿದ್ದೇವೆ ಅಂತ ದಾಖಲೆಯಲ್ಲಿ ಬರೆಸಿಕೊಳ್ಳಲು 1994ರ ತನಕ ಹೋರಾಡಿದರು. ಕಾದಂಬರಿಯಲ್ಲಿ ಇದರ ಉಲ್ಟಾ ಒಂದು ಸಂಗತಿ ಬರುತ್ತದೆ. ವಿನ್‌ಸ್ಟನ್ ಒಂದು ಬೆಳಿಗ್ಗೆ ಓಗಿಲ್ವಿ ಎಂಬ ವೀರ ಸೈನಿಕನನ್ನು ಶೂನ್ಯದಿಂದ ಹುಟ್ಟಿಸುತ್ತಾನೆ. ನಾಲ್ಕು ಸಾಲು, ಒಂದೆರಡು ಸುಳ್ಳು ಫೋಟೋ. ಇನ್ನು ಮೇಲೆ ಓಗಿಲ್ವಿ ಇದ್ದದ್ದು ನಿಜ. ಶಾನುಭೋಗರು ರುಜು ಹಾಕಿದ್ದು ಆ ಪುಟಕ್ಕೆ. ಪಕ್ಕದಲ್ಲಿ ಷರಾ: "ಪರಿಶೀಲಿಸಿದೆ. ಇಂಥವರು ಇದ್ದ ಬಗ್ಗೆ ಆಧಾರವಿಲ್ಲ." ಓದಿ ನಕ್ಕೆ. ಆಮೇಲೆ ನಗು ಬರಲಿಲ್ಲ.

ದಾಖಲೆ ಅಳಿಸಿದ ಮೇಲೂ ಜನರ ತಲೆಯಲ್ಲಿ ನೆನಪು ಉಳಿಯುತ್ತದಲ್ಲ? ಅದಕ್ಕೆ ಪಕ್ಷದ ಹತ್ತಿರ ಎರಡು ಮದ್ದಿದೆ. ಒಂದು ನ್ಯೂಸ್ಪೀಕ್, ಹೊಸ ಭಾಷೆ. ವರ್ಷ ವರ್ಷ ಪದ ಕಡಿಮೆಯಾಗುವ ಭಾಷೆ. ಹಾಸನದ ಮಳೆಯಿಂದ ಹೇಳುತ್ತೇನೆ. ನಮ್ಮಲ್ಲಿ ಸೋನೆ ಇದೆ, ಜಡಿ ಇದೆ, ತುಂತುರು, ಜಿಟಿಜಿಟಿ, ಆಲಿಕಲ್ಲು ಮಳೆ ಇದೆ. ಮಲೆನಾಡಿನ ಕಡೆ ಹೋದರೆ ಇನ್ನೂ ಜಾಸ್ತಿ. ಆರಿದ್ರಾ, ಪುನರ್ವಸು, ಪುಷ್ಯ ಅಂತ ನಕ್ಷತ್ರದ ಲೆಕ್ಕ ಬೇರೆ. ನ್ಯೂಸ್ಪೀಕ್‌ನ ನಿಘಂಟಿನವನು ಬಂದರೆ ಇದನ್ನೆಲ್ಲ ಗುಡಿಸಿಹಾಕಿ ಮೂರೇ ಉಳಿಸುತ್ತಾನೆ: ಮಳೆ, ಪ್ಲಸ್‌ಮಳೆ, ಡಬಲ್‌ಪ್ಲಸ್‌ಮಳೆ. ಬಿಸಿಲಿಗೆ ಅಮಳೆ. ಮಳೆಯಲ್ಲಿ ಇದು ತಮಾಷೆ. ಸ್ವಾತಂತ್ರ್ಯ, ನ್ಯಾಯ ಎನ್ನುವ ಕಡೆ ಇದೇ ಕತ್ತರಿ ಆಡಿದರೆ, ಬಂಡಾಯ ಏಳಬೇಕೆಂದವನಿಗೆ ಅದನ್ನು ಅಂದುಕೊಳ್ಳಲೂ ಮಾತು ಇರುವುದಿಲ್ಲ ಎನ್ನುವುದು ಪಕ್ಷದ ಲೆಕ್ಕ.

ಇದನ್ನು ರೈಟರ್ ಒಪ್ಪಲಿಲ್ಲ. "ಪದ ಹೋದ್ರೆ ಮಳೇಲಿ ನೆನೆಯಲ್ವಾ ಸಾರ್?" ಎಂದರು. ಮಾತಿಲ್ಲದೆ ಯೋಚನೆಯೇ ಇಲ್ಲ ಎಂಬ ವಾದವನ್ನು ಇವತ್ತಿನ ಭಾಷಾವಿಜ್ಞಾನಿಗಳೂ ಇಡಿಯಾಗಿ ಒಪ್ಪುವುದಿಲ್ಲ. ನನಗೂ ಪುಸ್ತಕದ ಈ ಭಾಗ ಅಷ್ಟು ಗಟ್ಟಿ ಅನ್ನಿಸಿಲ್ಲ.

ಎರಡನೇ ಮದ್ದು ಡಬಲ್‌ಥಿಂಕ್. ಇದು ಮಾತ್ರ ಗಟ್ಟಿ. ಒಂದಕ್ಕೊಂದು ತಾಳೆಯಾಗದ ಎರಡು ಮಾತನ್ನು ಒಟ್ಟಿಗೆ ನಂಬುವುದು. ಸುಳ್ಳು ಹೇಳುವುದಕ್ಕಿಂತ ಇದು ಬೇರೆ. ಸುಳ್ಳುಗಾರನಿಗೆ ನಿಜ ಗೊತ್ತಿರುತ್ತದೆ. ಇಲ್ಲಿ ನಿಜವನ್ನು ಮರೆಯಬೇಕು, ಮರೆತೆ ಎನ್ನುವುದನ್ನೂ ಮರೆಯಬೇಕು. ಕಷ್ಟ ಅಂತ ಕಾಣುತ್ತದಾ? "ನಾವು ವರದಕ್ಷಿಣೆ ಕೇಳೋರಲ್ಲ, ಅವ್ರೇ ಖುಷಿಯಿಂದ ಕಾರು ಕೊಟ್ರು" ಎನ್ನುವವರನ್ನು ನೆನಪಿಸಿಕೊಳ್ಳಿ. ಕಾರಿನ ಬಣ್ಣವನ್ನೂ ಅವರೇ ಹೇಳಿ ಕಳಿಸಿರುತ್ತಾರೆ. ಆದರೂ ಆ ಮಾತು ಹೇಳುವಾಗ ಅವರ ಮುಖದಲ್ಲಿ ಕಪಟ ಇರುವುದಿಲ್ಲ. ನಿಜವಾಗಿ ನಂಬಿರುತ್ತಾರೆ.

ಇನ್ನು ಆ ಡಿಗ್ರಿ ಹುಡುಗಿ. ಅವಳು ಪುಸ್ತಕವನ್ನು ಸಿಟ್ಟಿನಿಂದ ವಾಪಸ್ ಕೊಟ್ಟಳು. ಮೊದಮೊದಲು ಜೂಲಿಯಾಳನ್ನು ದೂರದಿಂದ ನೋಡಿಯೇ ವಿನ್‌ಸ್ಟನ್ ಅವಳನ್ನು ಕೆಡಿಸಿ ಕೊಲ್ಲುವ ಕಲ್ಪನೆ ಮಾಡುತ್ತಾನೆ. ಆ ಪುಟದ ಮೂಲೆಯನ್ನು ಎರಡು ಸಲ ಮಡಚಿದ್ದಾಳೆ. "ಇವನನ್ನು ಹೀರೋ ಅಂತ ಹೇಗೆ ಒಪ್ಪಲಿ ಅಣ್ಣಾ? ಅವಳು ಸ್ವಂತವಾಗಿ ಏನು ಯೋಚ್ನೆ ಮಾಡ್ತಾಳೆ ಅಂತ ಒಂದು ಪುಟ ಇದೆಯಾ?" ಇಲ್ಲ. ಪಕ್ಷದ ಪರಮ ವೈರಿ ಎನ್ನಿಸಿಕೊಂಡ ಗೋಲ್ಡ್‌ಸ್ಟೈನ್‌ನ ನಿಷೇಧಿತ ಪುಸ್ತಕವನ್ನು ವಿನ್‌ಸ್ಟನ್ ಓದಿ ಹೇಳುವಾಗ ಅವಳು ನಿದ್ದೆ ಹೋಗುತ್ತಾಳೆ, ಅಷ್ಟೇ. ಈ ತಕರಾರು ಎಷ್ಟೋ ಓದುಗರದ್ದು. 2023ರಲ್ಲಿ ಸಾಂಡ್ರಾ ನ್ಯೂಮನ್ ಎಂಬ ಲೇಖಕಿ ಇದೇ ಕಥೆಯನ್ನು ಜೂಲಿಯಾಳ ಕಡೆಯಿಂದ ಹೇಳಿ ಒಂದು ಕಾದಂಬರಿಯನ್ನೇ ಬರೆದರು, ಆರ್ವೆಲ್ ಹಕ್ಕುದಾರರ ಒಪ್ಪಿಗೆಯಿಂದ.

ಕಣ್ಗಾವಲು ಅವಳಿಗೆ ಹೊಸದೂ ಅಲ್ಲ. ಹಾಸ್ಟೆಲ್ ಗೇಟಿನಲ್ಲಿ ಕ್ಯಾಮೆರಾ, ಫೋನಿನಲ್ಲಿ ಅಪ್ಪನಿಗೆ ಲೊಕೇಶನ್, ಊರಿಗೆ ಹೋದರೆ ಜಗಲಿಯ ಮೇಲಿನ ಅಜ್ಜಿಯರು. "ಟೆಲಿಸ್ಕ್ರೀನ್‌ಗೆ ಕನಿಷ್ಠ ನಮ್ಮ ಮದುವೆ ಚಿಂತೆ ಇಲ್ಲ" ಎಂದಳು. ವಿನ್‌ಸ್ಟನ್‌ಗೆ ಗೋಡೆಯಿಂದ ಮಾತ್ರ ಭಯ. ಅವಳಿಗೆ ಬೀದಿಯೆಲ್ಲ ಕಣ್ಣು.

ಭಾವಮೈದ ನಿಂತ ಜಾಗವೂ ಆ ಗೋಲ್ಡ್‌ಸ್ಟೈನ್ ಪುಸ್ತಕದ್ದೇ. ಕಥೆ ನಿಲ್ಲಿಸಿ ಹತ್ತಾರು ಪುಟ ರಾಜಕೀಯ ಪಾಠ. ಮೂರು ದೊಡ್ಡ ರಾಜ್ಯಗಳು ಯಾಕೆ ಗೆಲ್ಲದ ಯುದ್ಧ ಮಾಡುತ್ತವೆ, ಮಿಕ್ಕಿದ ಉತ್ಪನ್ನವನ್ನು ಯುದ್ಧದಲ್ಲಿ ಸುಟ್ಟು ಜನರನ್ನು ಹೇಗೆ ಬಡತನದಲ್ಲೇ ಇಡುತ್ತವೆ ಅಂತ. ಎರಡನೇ ಓದಿನಲ್ಲಿ ನಾನೂ ಹಾರಿಸಿದೆ, ಒಪ್ಪಿಕೊಳ್ಳುತ್ತೇನೆ. ಜೆಕ್ ಕಾದಂಬರಿಕಾರ ಮಿಲನ್ ಕುಂದೇರಾ ಅಂತೂ ಇದು ಕಾದಂಬರಿಯ ವೇಷ ಹಾಕಿದ ರಾಜಕೀಯ ವಿಚಾರ ಎಂದೇ ಬಿಟ್ಟ. ಆ ಮಾತು ಸ್ವಲ್ಪ ಜಾಸ್ತಿಯಾಯಿತು. ಕಾಲಿನ ಹುಣ್ಣು ತುರಿಸುವುದು, ಕ್ಯಾಂಟೀನಿನ ಎಲೆಕೋಸಿನ ವಾಸನೆ, ಮೊಂಡಾದ ಬ್ಲೇಡಿಗೂ ಬರ, ಇವೆಲ್ಲ ಯಾವ ರಾಜಕೀಯ ಭಾಷಣದಲ್ಲೂ ಬರುವುದಿಲ್ಲ.

ಚಿಕ್ಕಮ್ಮನ ಓದು ಎಲ್ಲರಿಗಿಂತ ಸಿಕ್ಕಿನದು. ಅವರು ನಿವೃತ್ತ ಹೈಸ್ಕೂಲ್ ಟೀಚರ್. ಪುಸ್ತಕ ಕೊಡುವಾಗ "ತುರ್ತು ಪರಿಸ್ಥಿತಿ ಕಂಡವರು ನೀವು, ಓದಿ ಚಿಕ್ಕಮ್ಮ" ಎಂದಿದ್ದೆ. ಅದು 1975ರ ಜೂನ್ 25ರಂದು ಜಾರಿಯಾಯಿತು. ಆರ್ವೆಲ್ ಹುಟ್ಟಿದ್ದೂ ಜೂನ್ 25ರಂದೇ, 1903ರಲ್ಲಿ, ನಮ್ಮ ಬಿಹಾರದ ಮೋತಿಹಾರಿಯಲ್ಲಿ. ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಹೊಳೆನರಸೀಪುರದ ಶಾಸಕ, ಆಗ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ದೇವೇಗೌಡರೂ ಜೈಲು ಸೇರಿದರು. ಚಿಕ್ಕಮ್ಮ ಓದಿ ಮುಗಿಸಿ ಹೇಳಿದ್ದು: "ಉತ್ಪ್ರೇಕ್ಷೆ ಕಣೋ. ನಮಗೇನೂ ಗೊತ್ತಾಗ್ಲಿಲ್ಲ. ಬಸ್ಸು ಟೈಮಿಗೆ ಬರ್ತಿತ್ತು." ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, "ನಿಮ್ಮ ಚಿಕ್ಕಪ್ಪ ಬಿಬಿಸಿ ಹಾಕಿದ್ರೆ ನಾನೇ ಕಿಟಕಿ ಮುಚ್ತಿದ್ದೆ, ಅಷ್ಟೇ" ಎಂದರು. ಎರಡು ವಾಕ್ಯಕ್ಕೂ ನಡುವೆ ಅವರಿಗೆ ಯಾವ ತೊಡಕೂ ಕಾಣಲಿಲ್ಲ.

ಒಂದೇ ಅನುಭವವನ್ನು ಅಕ್ಕಪಕ್ಕದವರು ಬೇರೆ ಬೇರೆಯಾಗಿ ಓದುವುದು ನಮ್ಮ ಕಡೆಯವರಿಗೆ ಹೊಸತೇನಲ್ಲ. 1977ರ ಲೋಕಸಭ ಚುನಾವಣೆಯಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಗುಡಿಸಿಹಾಕಿತು. ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತು. ಆ ಉಳಿದ ಎರಡರಲ್ಲಿ ಒಂದು ಹಾಸನ. ಮರುವರ್ಷ ನವೆಂಬರಿನಲ್ಲಿ ಪಕ್ಕದ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ಎದುರು ಇಂದಿರಾರನ್ನು 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆಲ್ಲಿಸಿತು. ಬೇಲೂರು ದಾಟಿದರೆ ಚಿಕ್ಕಮಗಳೂರು, ಮಧ್ಯೆ ಎಷ್ಟು ದೂರ! ಯಾವ ಊರು ಸರಿ ಓದಿತು ಅಂತ ನಾನು ತೀರ್ಪು ಕೊಡಲು ಹೋಗುವುದಿಲ್ಲ. ಎರಡೂ ಕಡೆ ನನಗೆ ನೆಂಟರಿದ್ದಾರೆ.

ಉತ್ಪ್ರೇಕ್ಷೆ ಎಂದ ಚಿಕ್ಕಮ್ಮ ಮೂಲೆ ಮಡಚಿದ ಪುಟ ಯಾವುದು ಗೊತ್ತಾ? ಪಾರ್ಸನ್ಸ್ ಎಂಬ ಪಕ್ಕದ ಮನೆಯವನದು. ಪಕ್ಷದ ಪರಮ ಭಕ್ತ. ನಿದ್ದೆಯಲ್ಲಿ 'ಬಿಗ್ ಬ್ರದರ್‌ಗೆ ಧಿಕ್ಕಾರ' ಎಂದು ಗೊಣಗಿದ್ದನ್ನು ಬಾಗಿಲ ಸಂದಿಯಿಂದ ಕೇಳಿ ಏಳು ವರ್ಷದ ಮಗಳೇ ಪೊಲೀಸಿಗೆ ಹೇಳಿಬಿಟ್ಟಳು. ಜೈಲಿನಲ್ಲಿ ಕೂತು ಅವನು ಮಗಳ ಬಗ್ಗೆ ಹೆಮ್ಮೆಪಡುತ್ತಾನೆ. "ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೀನಿ" ಎಂದಷ್ಟೇ ಹೇಳಿ ಚಿಕ್ಕಮ್ಮ ಮಾತು ಬದಲಿಸಿದರು.

ಆರ್ವೆಲ್ ಯಾವ ಪಕ್ಷದವನು ಎನ್ನುವ ಜಗಳ ಬೇಗ ಮುಗಿಸಬಹುದು. ಬರ್ಮಾದಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿಯಾಗಿದ್ದ, ಬಿಟ್ಟ. ಸ್ಪೇನಿನ ಅಂತರ್ಯುದ್ಧಕ್ಕೆ ಹೋದ, 1937ರಲ್ಲಿ ಕುತ್ತಿಗೆಗೆ ಗುಂಡು ತಿಂದ. ಎರಡನೇ ಮಹಾಯುದ್ಧದಲ್ಲಿ ಬಿಬಿಸಿಯಲ್ಲಿ ಕೂತು ಭಾರತಕ್ಕೆ ಪ್ರಸಾರ ಮಾಡಿದ. ಈ ಪುಸ್ತಕ ಸಮಾಜವಾದದ ಮೇಲಿನ ದಾಳಿ ಅಲ್ಲ, ತಾನು ಬೆಂಬಲಿಸುವ ಲೇಬರ್ ಪಕ್ಷದ ಮೇಲಿನದೂ ಅಲ್ಲ ಎಂದು 1949ರಲ್ಲೇ ಹೇಳಿಕೆ ಕೊಟ್ಟ. ಸ್ಕಾಟ್ಲೆಂಡಿನ ಜೂರಾ ದ್ವೀಪದ ಒಂಟಿ ಮನೆಯಲ್ಲಿ ಕ್ಷಯದಿಂದ ಕೆಮ್ಮುತ್ತ ಹಸ್ತಪ್ರತಿಯನ್ನು ತಾನೇ ಟೈಪ್ ಮಾಡಿದ. 1950ರ ಜನವರಿ 21ರಂದು ತೀರಿಕೊಂಡ. 46 ವರ್ಷ. ಸತ್ತ ಮೇಲೆ ಎಲ್ಲ ಪಕ್ಷದವರೂ ಅವನನ್ನು ತಮ್ಮ ಕಡೆ ಎಳೆದುಕೊಂಡರು. ನಮ್ಮ ಸುಪ್ರೀಂ ಕೋರ್ಟೂ, ಫೋನಿನೊಳಗೆ ಗುಟ್ಟಾಗಿ ನುಗ್ಗಿ ಬೇಹು ನಡೆಸುವ ಪೆಗಾಸಸ್ ತಂತ್ರಾಂಶದ ಪ್ರಕರಣದಲ್ಲಿ 2021ರ ಅಕ್ಟೋಬರ್ 27ರ ಆದೇಶವನ್ನು ಇದೇ ಕಾದಂಬರಿಯ ಒಂದು ಸಾಲಿನಿಂದ ಶುರು ಮಾಡಿತು. ಗುಟ್ಟು ಉಳಿಯಬೇಕಾದರೆ ಅದನ್ನು ನಿನ್ನಿಂದಲೇ ಬಚ್ಚಿಡಬೇಕು ಎನ್ನುವ ಸಾಲು.

ಕೊನೆಗೆ ನಮ್ಮ ಐವರ ನಡುವೆ ನಿಜವಾದ ಜಗಳ ಬಿದ್ದದ್ದು ಕಥೆಯ ಅಂತ್ಯದ ಬಗ್ಗೆ. ಪುಸ್ತಕದ ತುದಿಯಲ್ಲಿ ನ್ಯೂಸ್ಪೀಕ್ ಕುರಿತ ಒಂದು ಅನುಬಂಧ ಇರಬೇಕು. ಒಣ ಪಾಠದ ಹಾಗಿದೆ. ಆದರೆ ಅದು ಇಡೀ ಭೂತಕಾಲದಲ್ಲಿದೆ: ನ್ಯೂಸ್ಪೀಕ್ ಓಷಿಯಾನಿಯಾದ ಭಾಷೆ 'ಆಗಿತ್ತು'. ಆಗಿತ್ತು ಎಂದರೆ ಈಗ ಇಲ್ಲ. ಪಕ್ಷ ಎಂದೋ ಬಿದ್ದುಹೋಗಿದೆ, ಯಾರೋ ಆಮೇಲೆ ಕೂತು ಇದನ್ನು ಸಾದಾ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾರೆ ಅಂತ ಕೆಲವು ಓದುಗರು ಹಿಡಿದಿದ್ದಾರೆ. ಇಲ್ಲ, ಅದು ಬರೀ ಬರವಣಿಗೆಯ ಶೈಲಿ ಅಂತ ಉಳಿದವರು. ಅಮೆರಿಕದ ಒಂದು ದೊಡ್ಡ ಪುಸ್ತಕ ಕ್ಲಬ್ಬು ಈ ಅನುಬಂಧವನ್ನೂ ಗೋಲ್ಡ್‌ಸ್ಟೈನ್ ಭಾಗವನ್ನೂ ಕತ್ತರಿಸಿದರೆ ಕೊಳ್ಳುತ್ತೇವೆ ಎಂದಿತ್ತು. ದೊಡ್ಡ ಮೊತ್ತ ಕೈತಪ್ಪುವ ಹಾಗಿದ್ದರೂ ಆರ್ವೆಲ್ ಒಪ್ಪಲಿಲ್ಲ. ಕೊನೆಗೆ ಕ್ಲಬ್ಬೇ ಸೋತಿತು.

ಹುಡುಗಿ ಫೋನಿನಲ್ಲೂ ಓದಿದ್ದಳು, ಅವಳಿಗೆ ಅನುಬಂಧ ಗೊತ್ತು. ಪಕ್ಷ ಬಿದ್ದಿದೆ ಎನ್ನುವುದು ಅವಳ ವಾದ. ಶಾನುಭೋಗರು "ಯಾವ ಅನುಬಂಧ?" ಎಂದರು. ನಾನು ಪುಸ್ತಕ ತಿರುವಿದೆ. ನಮ್ಮ ಅಗ್ಗದ ಪ್ರತಿಯಲ್ಲಿ ಅದು ಇರಲೇ ಇಲ್ಲ! ಯಾರೋ ಮುದ್ರಕರು ಕಾಗದ ಉಳಿಸಿದ್ದಾರೆ. ನಾಲ್ಕು ಜನ ಎರಡು ವರ್ಷ ಬೇರೆಯದೇ ಅಂತ್ಯ ಓದಿದ್ದರು.

ಪುಸ್ತಕಗಳಿಗೆ ಹೀಗಾಗುವುದು ಹೊಸದಲ್ಲ. ಕೊನೆಯಲ್ಲಿ ವಿನ್‌ಸ್ಟನ್ ಮೇಜಿನ ಧೂಳಿನ ಮೇಲೆ ಬೆರಳಿನಿಂದ 2+2=5 ಎಂದು ಬರೆಯುತ್ತಾನೆ. ಬ್ರಿಟನ್ನಿನ ಕೆಲವು ಮುದ್ರಣಗಳಲ್ಲಿ ಆ 5 ಬಿದ್ದುಹೋಗಿ, ಎಷ್ಟೋ ವರ್ಷ ಓದುಗರು ಬರೀ 2+2= ಎಂದು ಓದಿ, ಅವನು ಇನ್ನೂ ಸೋತಿಲ್ಲ ಅಂದುಕೊಳ್ಳುವ ಹಾಗಾಗಿತ್ತು. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ಹಕ್ಕಿನ ತಕರಾರಿನಿಂದಾಗಿ ಜನ ದುಡ್ಡು ಕೊಟ್ಟು ಕೊಂಡಿದ್ದ '1984'ರ ಪ್ರತಿಗಳನ್ನು ಅವರ ಕಿಂಡಲ್ ಎಂಬ ಇ-ಪುಸ್ತಕದ ಯಂತ್ರಗಳಿಂದ ರಾತ್ರೋರಾತ್ರಿ ಅಳಿಸಿತು. ಬೇರೆ ಯಾವ ಪುಸ್ತಕಕ್ಕೆ ಹೀಗಾಗಿದ್ದರೂ ಸುದ್ದಿ ಇಷ್ಟು ದೂರ ಬರುತ್ತಿರಲಿಲ್ಲ.

ಭಾರತದಲ್ಲಿ ಲೇಖಕ ತೀರಿಕೊಂಡು 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಆರ್ವೆಲ್ ಬರೆದದ್ದು 2011ರಿಂದ ಇಲ್ಲಿ ಎಲ್ಲರದ್ದು. ಅನುಬಂಧ ಇಳಿಸಿಕೊಂಡು ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಎರಡೂ ಬದಿ ಪ್ರಿಂಟ್ ತೆಗೆದೆ. 7 ಹಾಳೆ ಆಯಿತು. ಅಂಚು ಕತ್ತರಿಸಿ ಫೆವಿಕಾಲ್ ಹಚ್ಚಿ ಹಿಂಬದಿಯ ರಟ್ಟಿಗೆ ಅಂಟಿಸಿದೆ. ಒಣಗಲಿ ಅಂತ ಮೇಲೆ ಎ4 ಬಂಡಲ್ ಇಟ್ಟೆ. ಸಂಜೆ ಶಾನುಭೋಗರು ಬಂದರು. ಪುಸ್ತಕ ತೆಗೆದು, ಕನ್ನಡಕ ಏರಿಸಿ, ಹಾಳೆ ಒಂದೊಂದೇ ಎಣಿಸಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದು ಅಂಟಿಸಿದ ಮೊದಲ ಹಾಳೆಯ ಮೂಲೆಯಲ್ಲಿ ಬರೆದರು: "7 ಹಾಳೆ ಹೊಸದಾಗಿ ಸೇರಿಸಿದೆ. ಮೂಲದಲ್ಲಿ ಇರಲಿಲ್ಲ." ಕೆಳಗೆ ರುಜು, ತಾರೀಖು. ಆಮೇಲೆ ಓದಲು ಮನೆಗೆ ತಗೊಂಡು ಹೋದರು.